ಸ್ವಂತ ಬಾವಿಯ ನೀರು: ಮನೆಯಲ್ಲೇ ಯಾವ ಪರೀಕ್ಷೆ ಮಾಡಬಹುದು, ಯಾವುದಕ್ಕೆ ಲ್ಯಾಬಿಗೇ ಹೋಗಬೇಕು?

ಬಾವಿಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಸ್ವಂತ ಬಾವಿ, ತೆರೆದದ್ದು. ಸುತ್ತ ಕಟ್ಟೆ ಇದೆ, ಮೇಲೆ ಬಲೆ ಹಾಕಿದೀವಿ. ಮೋಟಾರಿಂದ ಮೇಲಿನ ಟ್ಯಾಂಕಿಗೆ, ಅಲ್ಲಿಂದ ಅಡುಗೆಮನೆ ನಲ್ಲಿಗೆ ಬರುತ್ತೆ. ಕುಡಿಯೋಕೂ ಅದೇ ನೀರು. ಟಿಡಿಎಸ್ ಮೀಟರ್ (ಲೀಟರ್ ನೀರಲ್ಲಿ ಒಟ್ಟು ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅಂತ ತೋರಿಸೋದು) ಹಿಡಿದು ನೋಡಿದ್ರೆ 240 ತೋರಿಸ್ತಿದೆ. ಕೇಳಿದವರೆಲ್ಲ "240 ಅಂದ್ರೆ ಒಳ್ಳೇ ನೀರು, ಏನೂ ಯೋಚ್ನೆ ಬೇಡ" ಅಂತಾರೆ. ನೀರು ತಿಳಿಯಾಗಿದೆ, ರುಚಿನೂ ಚೆನ್ನಾಗಿದೆ. ಆದ್ರೆ ಜೋರು ಮಳೆ ಬಂದ ಮಾರನೇ ದಿನ ಸ್ವಲ್ಪ ಮಬ್ಬಾಗುತ್ತೆ. ಫ್ಲಶ್ ಟ್ಯಾಂಕಿನೊಳಗೆ ಕೆಂಪು ಕಲೆ ಕೂತಿದೆ. ಪಕ್ಕದ ಮನೆಯ ಸೆಪ್ಟಿಕ್ ಟ್ಯಾಂಕ್ ನಮ್ಮ ಬಾವಿಯಿಂದ ಸುಮಾರು 20 ಮೀಟರ್ ದೂರದಲ್ಲಿ, ಸ್ವಲ್ಪ ಎತ್ತರದ ಜಾಗದಲ್ಲಿದೆ. ಮನೇಲಿ ವಯಸ್ಸಾದ ಅತ್ತೆ ಇದ್ದಾರೆ, ಸದ್ಯದಲ್ಲೇ ಹಸುಗೂಸೂ ಬರೋದಿದೆ.

ಮನೇಲೇ ಮಾಡೋ ಪರೀಕ್ಷೆಗಳಲ್ಲಿ ಯಾವುದನ್ನ ನಂಬಬಹುದು? ಅದ್ದಿ ಬಣ್ಣ ನೋಡೋ ಪಟ್ಟಿಗಳು ಸಿಗ್ತವಲ್ಲ, ಅವು ಸಾಕಾ? ಲ್ಯಾಬಿಗೆ ಕೊಡೋದಾದ್ರೆ ಏನೇನು ನೋಡಿ ಅಂತ ಕೇಳಬೇಕು?

ಹೊಲದಂಚು
ನಮ್ಮಲ್ಲೂ ಇದೇ ಪ್ರಶ್ನೆ. ತಿಳಿದವರು ಬರೀರಿ ದಯವಿಟ್ಟು.

ನೀರುಪರೀಕ್ಷಕ
ಅಕ್ಕಾ, ನೀರು ಪರೀಕ್ಷೆ ಮಾಡೋ ಲ್ಯಾಬಲ್ಲೇ ನನ್ನ ಕೆಲಸ. ಮೊದಲು ಆ 240ರ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಅತಿ ಹೆಚ್ಚು ಜನ ನಂಬಿ ಕೂರೋದು ಆ ಒಂದು ಸಂಖ್ಯೆಯನ್ನೇ.

ಟಿಡಿಎಸ್ ಮೀಟರ್ ನೀರಲ್ಲಿ ಏನಿದೆ ಅಂತ ನೋಡೋದಿಲ್ಲ. ಅದರ ಎರಡು ಕಡ್ಡಿಗಳ ನಡುವೆ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತೆ ಅಂತ ಅಳೆದು, ಅದನ್ನ 0.5ರಿಂದ 0.7ರೊಳಗಿನ ಯಾವುದೋ ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತೆ, ಅಷ್ಟೇ. ಕರಗಿದ ಲವಣಗಳೆಲ್ಲ ಅದಕ್ಕೆ ಒಂದೇ. ಒಳ್ಳೇ ಕ್ಯಾಲ್ಸಿಯಂ ಆದರೂ ಸರಿ, ಗೊಬ್ಬರದಿಂದ ಬಂದ ನೈಟ್ರೇಟ್ ಆದರೂ ಸರಿ, ಒಟ್ಟು ಸೇರಿಸಿ ಒಂದು ಅಂಕಿ. ಬ್ಯಾಕ್ಟೀರಿಯಾ ಅಂತೂ ಅದರ ಲೆಕ್ಕಕ್ಕೇ ಬರಲ್ಲ.

ಒಂದು ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಆರ್ಸೆನಿಕ್‌ಗೆ ಹೇಳಿರೋ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನಿಮ್ಮ ಮೀಟರಿನ ಕೊನೇ ಅಂಕಿ ಬದಲಾಗೋಕೆ ಕನಿಷ್ಠ 1 ಮಿಲಿಗ್ರಾಂ ಬೇಕು. ಅಂದ್ರೆ ಆರ್ಸೆನಿಕ್ ಮಿತಿಗಿಂತ ನೂರು ಪಟ್ಟು ಜಾಸ್ತಿ ಇದ್ರೂ 240 ಇದ್ದದ್ದು 241 ಆಗಬಹುದು, ಆಗದೇನೂ ಇರಬಹುದು. ಫ್ಲೋರೈಡ್ ಮಿತಿ 1.5 ಮಿಲಿಗ್ರಾಂ. ಅದರ ದುಪ್ಪಟ್ಟು ಇದ್ದರೂ 240 ಇದ್ದದ್ದು 243ರ ಹತ್ತಿರ ಆಗಬಹುದು ಅಷ್ಟೇ, ಅದರಿಂದ ಏನೂ ಗೊತ್ತಾಗಲ್ಲ.

ಹಾಗಂತ ಅದನ್ನ ಎಸೀಬೇಡಿ. ನಿಮ್ಮ ಬಾವಿಯ ರೂಢಿ ಏನು ಅಂತ ತಿಳಿಯೋಕೆ ಅದು ಒಳ್ಳೇ ಸಾಧನ. ತಿಂಗಳಿಗೊಮ್ಮೆ ಬರೆದಿಡಿ. ಯಾವಾಗಲೂ 240ರ ಆಸುಪಾಸು ಇದ್ದದ್ದು ಒಮ್ಮೆಲೇ 400ಕ್ಕೆ ಹಾರಿದ್ರೆ ಹೊಸದೇನೋ ಬಾವಿಗೆ ಬಂದು ಸೇರಿದೆ ಅಂತ ಅರ್ಥ. ಅದು ಏನು ಅನ್ನೋದನ್ನ ಮಾತ್ರ ಬೇರೆ ಪರೀಕ್ಷೆಯಿಂದಲೇ ಕಂಡುಕೋಬೇಕು.

ಹಳೆಬಾವಿ
ಇಷ್ಟೆಲ್ಲ ಹೆದರಿಸೋ ಅಗತ್ಯ ಇದೆಯಾ ಅಂತ ನನಗನ್ನಿಸುತ್ತೆ. ನಮ್ಮ ಮನೆ ಬಾವಿ ನೀರನ್ನ ನಮ್ಮಜ್ಜನ ಕಾಲದಿಂದ ಕುಡೀತಾ ಬಂದಿದೀವಿ. ಯಾರಿಗೂ ಏನೂ ಆಗಿಲ್ಲ. ಅನುಮಾನ ಇದ್ರೆ ಕುದಿಸಿ ಕುಡಿದ್ರಾಯ್ತು.

ಅಂತರ್ಜಲ
ಯಜಮಾನರೇ, ನಿಮ್ಮ ಮಾತನ್ನ ನಾನು ತಳ್ಳಿಹಾಕಲ್ಲ. ಆದ್ರೆ ಅಜ್ಜನ ಕಾಲದಲ್ಲಿ ಬಾವಿಯ ಸುತ್ತ ಎಷ್ಟು ಮನೆ ಇದ್ದವು, ಎಷ್ಟು ಪಾಯಿಖಾನೆ ಗುಂಡಿ ಇದ್ದವು, ಹೊಲಕ್ಕೆ ಎಷ್ಟು ಯೂರಿಯಾ ಬೀಳ್ತಿತ್ತು ಅಂತ ಯೋಚಿಸಿ ನೋಡಿ. ಬಾವಿ ಅದೇ ಇರಬಹುದು, ಒಳಗೆ ಬರೋ ನೀರು ಅದೇ ಅಲ್ಲ.

ಬಾಂಗ್ಲಾದೇಶದಲ್ಲಿ ಕೆರೆ, ಹೊಂಡದ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯ್ತಾರೆ ಅಂತ 1970ರ ದಶಕದಿಂದ ಲಕ್ಷಾಂತರ ಕೊಳವೆಬಾವಿ ಕೊರೆಸಿದ್ರು. ನೀರು ತಿಳಿ, ವಾಸನೆ ಇಲ್ಲ, ರೋಗಾಣುವೂ ಕಡಿಮೆ. ಆರ್ಸೆನಿಕ್ ಇದೆಯಾ ಅಂತ ಮಾತ್ರ ಆಗ ಪರೀಕ್ಷೆ ಮಾಡಿರಲಿಲ್ಲ. 1993ರಲ್ಲಿ ಅದು ಪತ್ತೆಯಾಗೋ ಹೊತ್ತಿಗೆ ಜನ ವರ್ಷಗಟ್ಟಲೆ ಅದನ್ನೇ ಕುಡಿದಿದ್ರು. ಆಮೇಲೆ ಬಾವಿಗಳನ್ನ ಒಂದೊಂದಾಗಿ ಪರೀಕ್ಷಿಸಿ, ಹೆಚ್ಚು ಇದ್ದ ಕೈಪಂಪಿಗೆ ಕೆಂಪು, ಸರಿ ಇದ್ದದ್ದಕ್ಕೆ ಹಸಿರು ಬಣ್ಣ ಬಳಿದ್ರು. ಒಂದೇ ಓಣಿಯಲ್ಲಿ ಕೆಂಪೂ ಹಸಿರೂ ಅಕ್ಕಪಕ್ಕ ಬಂದವು. ಅದಕ್ಕೇ "ಪಕ್ಕದವರ ನೀರು ಚೆನ್ನಾಗಿದೆಯಂತೆ" ಅನ್ನೋದು ನಿಮ್ಮ ಬಾವಿಗೆ ಉತ್ತರ ಆಗಲ್ಲ.

ಮತ್ತೆ ಕುದಿಸೋ ವಿಷಯ. ರೋಗಾಣುಗಳಿಗೆ ಅದಕ್ಕಿಂತ ಒಳ್ಳೇ ಮದ್ದಿಲ್ಲ. ಆದ್ರೆ ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಆವಿಯಾಗಿ ಹೋಗಲ್ಲ. ನೀರು ಆವಿಯಾಗಿ ಕಡಿಮೆ ಆದಷ್ಟೂ ಉಳಿದ ನೀರಲ್ಲಿ ಅವುಗಳ ಪ್ರಮಾಣ ಏರುತ್ತೆ.

ಹಳೆಬಾವಿ
ಕುದಿಸಿದ್ರೆ ಜಾಸ್ತಿ ಆಗುತ್ತೆ ಅನ್ನೋದು ನನಗೆ ಹೊಸ ವಿಷಯ. ಸರಿ, ಮುಂದೆ ಹೇಳಿ, ಓದ್ತಿದೀನಿ.

ನೀರುಪರೀಕ್ಷಕ
ಬಾವಿಮನೆ ಅಕ್ಕಾ, ನಿಮ್ಮ ಪರಿಸ್ಥಿತಿಗೆ ಮೊದಲನೇದು ಬ್ಯಾಕ್ಟೀರಿಯಾ, ಎರಡನೇದು ನೈಟ್ರೇಟ್. ಎತ್ತರದಲ್ಲಿ ಸೆಪ್ಟಿಕ್ ಟ್ಯಾಂಕ್, ಮಳೆ ಬಂದ ಮೇಲೆ ಮಬ್ಬು, ಇವೆರಡೂ ಒಂದೇ ಕಡೆ ಬೆರಳು ತೋರಿಸ್ತಿವೆ. ಮೇಲಿನ ನೀರು ಮಣ್ಣಲ್ಲಿ ಸರಿಯಾಗಿ ಸೋಸಿಕೊಳ್ಳದೆ ನೇರವಾಗಿ ಬಾವಿಗೆ ಇಳೀತಿದೆ. ಬಾವಿಗೂ ಸೆಪ್ಟಿಕ್ ಟ್ಯಾಂಕಿಗೂ ಸಾಮಾನ್ಯವಾಗಿ 30 ಮೀಟರ್ ಅಂತರ ಇರಲಿ ಅಂತಾರೆ. ಬಿರುಕು ಬಿಟ್ಟ ಬಂಡೆ ಇರೋ ಜಾಗದಲ್ಲಿ ಅದೂ ಸಾಲದೆ ಹೋಗಬಹುದು.

ಬ್ಯಾಕ್ಟೀರಿಯಾ ವರದಿಯಲ್ಲಿ ಎರಡು ಸಾಲು ಇರುತ್ತೆ. ಒಟ್ಟು ಕೋಲಿಫಾರ್ಮ್ ಅನ್ನೋ ಗುಂಪಲ್ಲಿ ಮಣ್ಣು, ಎಲೆಕಸದಲ್ಲಿ ಬದುಕೋವೂ ಇರ್ತವೆ. ಅದು ಕಂಡ್ರೆ ಹೊರಗಿನ ನೀರಿಗೆ ದಾರಿ ಇದೆ ಅಂತ ಅರ್ಥ. ಇ. ಕೋಲಿ ಬೇರೆ. ಅದು ಮನುಷ್ಯರ, ಪ್ರಾಣಿಗಳ ಕರುಳಿಂದ ಬರೋದು. 100 ಮಿಲಿಲೀಟರಲ್ಲಿ ಒಂದೂ ಇರಬಾರದು. ಒಂದೇ ಒಂದು ಕಂಡ್ರೂ ಮಲ ನೀರಿಗೆ ಸೇರಿದೆ ಅಂತ ತಿಳಿದು ಅವತ್ತಿಂದಲೇ ಕುದಿಸಿ ಕುಡೀಬೇಕು.

ಹೊಲದಂಚು
ಮನೇಲೇ ಮಾಡೋ ಬ್ಯಾಕ್ಟೀರಿಯಾ ಬಾಟಲಿ ಬಗ್ಗೆ ನನಗೆ ಗೊತ್ತಿರೋದು ಹೇಳ್ತೀನಿ. ಎಚ್‌ಟುಎಸ್ ಬಾಟಲಿ ಅಂತಾರೆ. ಚಿಕ್ಕ ಬಾಟಲಿ, ಒಳಗೆ ಔಷಧ ಒಣಗಿಸಿದ ಕಾಗದದ ಪಟ್ಟಿ. ಗುರುತಿನವರೆಗೆ ನೀರು ತುಂಬಿ ಮುಚ್ಚಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಕಪ್ಪಾದ್ರೆ ಕೆಟ್ಟ ನೀರು. ನಾವು ಪ್ರತಿ ಮಳೆಗಾಲ ಅದನ್ನೇ ಮಾಡೋದು. ಸರ್, ಇದನ್ನ ಎಷ್ಟು ನಂಬಬಹುದು?

ನೀರುಪರೀಕ್ಷಕ
ಒಳ್ಳೇ ಪರೀಕ್ಷೆ ಅಣ್ಣ. 1982ರಲ್ಲಿ ಭಾರತದ ವಿಜ್ಞಾನಿಗಳೇ ಇದನ್ನ ರೂಪಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ಕರುಳಿನ ಅನೇಕ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಡ್ತವೆ. ಅದು ಪಟ್ಟಿಯಲ್ಲಿರೋ ಕಬ್ಬಿಣದ ಜೊತೆ ಸೇರಿ ಕಪ್ಪು ಕಬ್ಬಿಣದ ಸಲ್ಫೈಡ್ ಆಗುತ್ತೆ. 30ರಿಂದ 37 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಣ್ಣಗಿನ ಕೋಣೆಯಲ್ಲಿಟ್ಟು "ಕಪ್ಪಾಗಲಿಲ್ಲ, ನೀರು ಚೆನ್ನಾಗಿದೆ" ಅಂತ ತೀರ್ಮಾನ ಮಾಡೋ ಹಾಗಿಲ್ಲ.

ಎರಡು ಎಚ್ಚರಿಕೆ. ನೀರಲ್ಲಿ ಮೊದಲೇ ಸಲ್ಫೈಡ್ ಇದ್ರೆ, ಅಂದ್ರೆ ಕೊಳೆತ ಮೊಟ್ಟೆ ವಾಸನೆ ಬರೋ ನೀರಾದ್ರೆ, ತುಂಬಿದ ಕೂಡಲೇ ಕಪ್ಪಾಗುತ್ತೆ. ಅದು ಬ್ಯಾಕ್ಟೀರಿಯಾ ಬೆಳೆದು ಆದ ಕಪ್ಪಲ್ಲ. ಹಾಗೇ ಮಲದ ಸಂಬಂಧವೇ ಇಲ್ಲದ ಕೆಲವು ಮಣ್ಣಿನ ಬ್ಯಾಕ್ಟೀರಿಯಾಗಳೂ ಕಪ್ಪು ಮಾಡಬಲ್ಲವು. ಆದ್ದರಿಂದ ಕಪ್ಪಾದ್ರೆ ಕುದಿಸಿ ಕುಡಿಯೋಕೆ ಶುರು ಮಾಡಿ, ಲ್ಯಾಬಲ್ಲಿ ಇ. ಕೋಲಿ ನೋಡಿಸಿ. ಕಪ್ಪಾಗದಿದ್ರೆ ಸಮಾಧಾನ, ಆದ್ರೆ ಒಂದು ಸಲದ ಸಮಾಧಾನ ವರ್ಷಕ್ಕೆಲ್ಲ ಸಾಕಾಗಲ್ಲ.

ಇನ್ನೊಂದು ಬಗೆಯ ಕಿಟ್ ಇದೆ. 100 ಮಿಲಿಲೀಟರ್ ನೀರಿಗೆ ಪುಡಿ ಹಾಕಿ 35 ಡಿಗ್ರಿಯಲ್ಲಿ 24 ಗಂಟೆ ಇಡೋದು. ಹಳದಿ ಆದ್ರೆ ಕೋಲಿಫಾರ್ಮ್. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದಾಗ ನೀಲಿಯಾಗಿ ಹೊಳೆದ್ರೆ ಇ. ಕೋಲಿ. ಶಾಖ ಸರಿಯಾಗಿ ಕಾಯೋಕೆ ಆಗೋದಾದ್ರೆ ಮನೆಗೆ ಇದು ಇನ್ನೂ ಸ್ಪಷ್ಟ.

ಕಪ್ಪಾದ ಬಾಟಲಿಯನ್ನ ಅಡುಗೆಮನೆ ಸಿಂಕಲ್ಲಿ ತೆರೀಬೇಡಿ. ಒಳಗೆ ಲಕ್ಷಾಂತರ ಪಟ್ಟು ಬೆಳೆದ ರೋಗಾಣು ಇರುತ್ತೆ. ಕೈಗವಸು ಹಾಕಿ, ಬ್ಲೀಚ್ ಸುರಿದು, ಅರ್ಧ ಗಂಟೆಯಾದ್ರೂ ಬಿಟ್ಟು ಪಾಯಿಖಾನೆಗೆ ಹಾಕಿ. ಮಕ್ಕಳ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ.

ಬಾವಿಮನೆ
ತುಂಬಾ ಉಪಕಾರ ಸರ್. ಲ್ಯಾಬಿಗೆ ಕೊಡೋ ನೀರನ್ನ ಹೇಗೆ ತುಂಬಬೇಕು? ಮನೇಲಿರೋ ನೀರಿನ ಬಾಟಲಿ ತೊಳೆದು ತುಂಬಿದ್ರೆ ಆಗಲ್ವಾ?

ನೀರುಪರೀಕ್ಷಕ
ಬ್ಯಾಕ್ಟೀರಿಯಾಗೆ ಬೇಡವೇ ಬೇಡ. ಲ್ಯಾಬಿಂದ ಕ್ರಿಮಿಶುದ್ಧ ಬಾಟಲಿ ತರಿಸ್ಕೊಳ್ಳಿ. ನಮ್ಮ ಕೈಗೆ ಬರೋ ತಪ್ಪು ಫಲಿತಾಂಶಗಳಲ್ಲಿ ಹೆಚ್ಚಿನವು ನೀರಿನದಲ್ಲ, ತುಂಬಿದ ಕೈಯದು.

ನಲ್ಲಿಯ ಬಾಯಲ್ಲಿ ಜಾಲರಿ ಇದ್ರೆ ಬಿಚ್ಚಿ. ಅದರೊಳಗೆ ಲೋಳೆ ಕಟ್ಟಿರುತ್ತೆ. ನಲ್ಲಿ ಬಾಯಿಯನ್ನ ಬ್ಲೀಚ್ ದ್ರಾವಣದಲ್ಲೋ ಸ್ಪಿರಿಟಲ್ಲೋ ಒರೆಸಿ. ಲೋಹದ ನಲ್ಲಿಯಾದ್ರೆ ಸ್ಪಿರಿಟ್ ಪೂರ್ತಿ ಆರಿದ ಮೇಲೆ ಬೆಂಕಿ ತೋರಿಸಿದ್ರೂ ಸರಿ. ನೀರನ್ನ ಕೆಲವು ನಿಮಿಷ ಹರಿಯೋಕೆ ಬಿಡಿ, ಆಮೇಲೆ ಸಣ್ಣ ಧಾರೆ ಮಾಡಿ. ಮುಚ್ಚಳ ತೆಗೆದಾಗ ಅದನ್ನ ಕಟ್ಟೆ ಮೇಲೆ ಇಡಬೇಡಿ. ಬಾಯಿ ಕೆಳಗೆ ಮಾಡಿ ಎರಡು ಬೆರಳಲ್ಲೇ ಹಿಡಿದಿರಿ, ಒಳಭಾಗಕ್ಕೆ ಬೆರಳು ತಾಗದಿರಲಿ. ಬಾಟಲಿಯಲ್ಲಿ ಚಿಟಿಕೆ ಬಿಳಿ ಪುಡಿಯೋ ಹನಿಯೋ ಕಂಡ್ರೆ ಕೊಳೆ ಅಂತ ತೊಳೀಬೇಡಿ, ಅದು ಥಯೋಸಲ್ಫೇಟ್. ನೀರಲ್ಲಿ ಕ್ಲೋರಿನ್ ಇದ್ರೆ ಅದನ್ನ ಮುರಿಯೋಕೆ ಹಾಕಿರ್ತಾರೆ. ಕತ್ತಿನವರೆಗೆ ತುಂಬಿ ಮೇಲೆ ಸ್ವಲ್ಪ ಗಾಳಿ ಬಿಟ್ಟು ಮುಚ್ಚಿ, ಐಸ್ ಇಟ್ಟ ಡಬ್ಬಿಯಲ್ಲಿ ಸಾಗಿಸಿ. ಆರು ಗಂಟೆಯೊಳಗೆ ತಲುಪಿದ್ರೆ ಒಳ್ಳೇದು, 24 ಗಂಟೆ ಮೀರಲೇಬಾರದು.

ಸೀಸ, ತಾಮ್ರದ ಪರೀಕ್ಷೆಗೆ ಮಾತ್ರ ಇದಕ್ಕೆ ಪೂರ್ತಿ ಉಲ್ಟಾ. ರಾತ್ರಿಯಿಡೀ ಪೈಪಲ್ಲಿ ನಿಂತ ನೀರನ್ನ ಬೆಳಗ್ಗೆ ಹರಿಬಿಡದೆ ಮೊದಲ ಧಾರೆಯಲ್ಲೇ ಹಿಡೀಬೇಕು. ಪೈಪಿಂದ ಏನು ಕರಗಿ ಬರ್ತಿದೆ ಅಂತ ಗೊತ್ತಾಗೋದು ಆಗಲೇ. ಒಂದೇ ಬಾಟಲಿಯಲ್ಲಿ ಎಲ್ಲ ಪರೀಕ್ಷೆಯೂ ಆಗಲ್ಲ ಅನ್ನೋದು ಇದಕ್ಕೇ.

ಮೌನಓದುಗ
ಮುಚ್ಚಳ ಕೆಳಗಿಡಬಾರದು ಅನ್ನೋದನ್ನ ಇದುವರೆಗೆ ಯಾರೂ ಹೇಳಿರಲಿಲ್ಲ. ಉಳಿಸಿಟ್ಕೊಂಡೆ. ಧನ್ಯವಾದ.

ಬಾವಿಮನೆ
ಲ್ಯಾಬಿನ ಬಾಟಲಿ ಬರೋದರೊಳಗೆ ನೈಟ್ರೇಟ್ ಪಟ್ಟಿ ತಂದು ನೋಡಿದೆ. ಒಂದು ಕಂಪನಿಯ ಪಟ್ಟಿ 10 ಅಂತಿದೆ, ಇನ್ನೊಂದು ಕಂಪನಿಯದು 45ರ ಹತ್ತಿರ ತೋರಿಸ್ತಿದೆ. ಒಂದೇ ಲೋಟದ ನೀರು! ಯಾವುದು ಸರಿ?

ನೀರುಪರೀಕ್ಷಕ
ಎರಡೂ ಸರಿಯಿರಬಹುದು ಅಕ್ಕ. ಡಬ್ಬಿ ಮೇಲಿನ ಸಣ್ಣ ಅಕ್ಷರ ಓದಿ. ಒಂದರಲ್ಲಿ "ನೈಟ್ರೇಟ್-ಸಾರಜನಕ" ಅಂತ ಇರಬೇಕು, ಇನ್ನೊಂದರಲ್ಲಿ ಬರೀ "ನೈಟ್ರೇಟ್". ಮೊದಲನೇದು ನೈಟ್ರೇಟಿನೊಳಗಿನ ಸಾರಜನಕದ ತೂಕ ಮಾತ್ರ ಹೇಳುತ್ತೆ. ಅದನ್ನ 4.43ರಿಂದ ಗುಣಿಸಿದ್ರೆ ಇಡೀ ನೈಟ್ರೇಟಿನ ಲೆಕ್ಕ ಬರುತ್ತೆ. 10 ಅಂದ್ರೆ 44. ನಿಮ್ಮ ಎರಡು ಪಟ್ಟಿಗಳೂ ಒಂದೇ ಮಾತು ಹೇಳ್ತಿವೆ.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ನೈಟ್ರೇಟ್ ಲೆಕ್ಕದಲ್ಲಿ ಲೀಟರಿಗೆ 50 ಮಿಲಿಗ್ರಾಂ, ಸಾರಜನಕದ ಲೆಕ್ಕದಲ್ಲಿ ಸುಮಾರು 11. ಈ ಎರಡನ್ನ ಅದಲುಬದಲು ಮಾಡ್ಕೊಂಡ್ರೆ ದೊಡ್ಡ ಅಪಾಯ. ಸಾರಜನಕದ ಪಟ್ಟಿಯಲ್ಲಿ 40 ಬಂದಾಗ "50ರೊಳಗೇ ಇದೆಯಲ್ಲ" ಅಂತ ಬಿಟ್ಟವರು ನಿಜಕ್ಕೂ ಕುಡೀತಿರೋದು 177.

ಮತ್ತೆ, ಪಟ್ಟಿಯ ಬಣ್ಣದ ಮೆಟ್ಟಿಲು ಒರಟು. 10 ಆದ ಮೇಲೆ ಮುಂದಿನ ಚೌಕ 20. ನಿಮ್ಮದು 9 ಇರಬಹುದು, 14 ಇರಬಹುದು, ಕಣ್ಣಿಗೆ ಒಂದೇ ಗುಲಾಬಿ. ಮಿತಿಯ ಅಂಚಲ್ಲಿರೋ ನೀರಿಗೆ ಪಟ್ಟಿಯ ತೀರ್ಪು ಸಾಲದು. ಬಣ್ಣ ಬಂದೂ ಬರದ ಹಾಗೆ ಇದ್ದಿದ್ರೆ ನಿಶ್ಚಿಂತೆಯಿಂದ ಇರಿ ಅಂತಿದ್ದೆ. ಈಗ ಲ್ಯಾಬಿಗೇ ಕೊಡಿ. ನೈಟ್ರೇಟ್ ಬಾಟಲಿಯನ್ನೂ ತಣ್ಣಗಿಟ್ಟು ಎರಡು ದಿನದೊಳಗೆ ತಲುಪಿಸಿ, ಇಲ್ಲದಿದ್ರೆ ಬಾಟಲಿಯೊಳಗಿನ ಬ್ಯಾಕ್ಟೀರಿಯಾಗಳೇ ಅದನ್ನ ತಿಂದು ಲೆಕ್ಕ ತಪ್ಪಿಸ್ತವೆ.

ಪಟ್ಟಿ ಓದುವಾಗ ಹಗಲು ಬೆಳಕಲ್ಲಿ ಓದಿ, ಹಳದಿ ಬಲ್ಬಿನ ಕೆಳಗೆ ಬೇಡ. ಡಬ್ಬಿ ಹೇಳಿದಷ್ಟೇ ಸೆಕೆಂಡು ಕಾಯಿರಿ, ಹೆಚ್ಚು ಹೊತ್ತು ಬಿಟ್ಟರೆ ಬಣ್ಣ ಗಾಢವಾಗ್ತಾ ಹೋಗುತ್ತೆ. ಮುಚ್ಚಳ ಸಡಿಲಾಗಿದ್ದ ಡಬ್ಬಿಯ ಪಟ್ಟಿ ತೇವ ಹೀರಿ ಕೆಟ್ಟಿರುತ್ತೆ.

ಮಕ್ಕಳವಾರ್ಡ್
ನಾನು ನರ್ಸ್, ಅದಕ್ಕೇ ಇಲ್ಲಿ ಬಾಯಿ ಹಾಕ್ತಿದೀನಿ. ಬಾವಿಮನೆಯವರೇ, ಕೂಸಿಗೆ ಪುಡಿ ಹಾಲು ಕಲಸೋ ಸಂದರ್ಭ ಬಂದ್ರೆ ಲ್ಯಾಬ್ ವರದಿ ಬರೋವರೆಗೆ ಈ ನೀರು ಬಳಸಲೇಬೇಡಿ. ಕುದಿಸಿದ್ರೂ ಬೇಡ.

ಆರು ತಿಂಗಳೊಳಗಿನ, ಅದರಲ್ಲೂ ಮೊದಲ ಮೂರು ತಿಂಗಳ ಕೂಸುಗಳಲ್ಲಿ ನೈಟ್ರೇಟ್ ಹೊಟ್ಟೆಯೊಳಗೆ ನೈಟ್ರೈಟ್ ಆಗಿ, ರಕ್ತಕ್ಕೆ ಸೇರಿ, ಹಿಮೋಗ್ಲೋಬಿನ್ ಆಮ್ಲಜನಕ ಹೊರದ ಹಾಗೆ ಮಾಡುತ್ತೆ. ತುಟಿ, ಉಗುರು, ಬಾಯಿ ಸುತ್ತ ನೀಲಿ ತಿರುಗುತ್ತೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಅನ್ನೋ ವೈದ್ಯರು ಇಂಥ ಕೂಸುಗಳ ಕಾಯಿಲೆಗೆ ಮನೆ ಬಾವಿಯ ನೀರೇ ಕಾರಣ ಅಂತ ಮೊದಲ ಸಲ ಬರೆದ್ರು. ಬಾವಿ ನೀರಲ್ಲಿ ಬ್ಯಾಕ್ಟೀರಿಯಾ ಕೂಡ ಇದ್ದು ಕೂಸಿಗೆ ಭೇದಿ ಆಗ್ತಿದ್ರೆ ಅಪಾಯ ಇನ್ನೂ ಹೆಚ್ಚು. ನೀಲಿ ಬಣ್ಣ ಕಂಡ್ರೆ ಒಂದು ಕ್ಷಣ ಕಾಯದೆ ಆಸ್ಪತ್ರೆಗೆ ಹೋಗಬೇಕು, ಚಿಕಿತ್ಸೆ ಇದೆ.

ತಾಯಿ ಹಾಲು ಕುಡಿಯೋ ಕೂಸಿಗೆ ಈ ಭಯ ಇಲ್ಲ. ತಾಯಿ ಕುಡಿದ ನೈಟ್ರೇಟ್ ಹಾಲಿಗೆ ಹೇಳಿಕೊಳ್ಳುವಷ್ಟು ಇಳಿಯಲ್ಲ. ನಿಮ್ಮ ಮನೆಗೆ ಕೂಸು ಬರೋದರೊಳಗೆ ಈ ಒಂದು ಪರೀಕ್ಷೆ ಮುಗಿಸಿಬಿಡಿ ಅಂತ ನನ್ನ ಕಳಕಳಿಯ ಮನವಿ.

ಬಾವಿಮನೆ
ಖಂಡಿತ ಅಕ್ಕ. ನಾಳೆಯಿಂದಲೇ ಕುಡಿಯೋಕೆ ಬೇರೆ ನೀರಿನ ವ್ಯವಸ್ಥೆ ಮಾಡ್ತಿದೀವಿ. ಫ್ಲೋರೈಡ್, ಆರ್ಸೆನಿಕ್ ಕೂಡ ಕೇಳಬೇಕಾ?

ಅಂತರ್ಜಲ
ಒಂದು ಸಲವಾದರೂ ಕೇಳಿ. ಇವೆರಡೂ ಹೊರಗಿಂದ ಬಂದು ಸೇರೋದು ಕಡಿಮೆ. ಬಾವಿಯ ಸುತ್ತಲಿನ ಕಲ್ಲುಮಣ್ಣೇ ಬಿಡೋದು. ಅದಕ್ಕೇ ಬ್ಯಾಕ್ಟೀರಿಯಾ ಹಾಗೆ ವಾರ ವಾರಕ್ಕೆ ಏರಿಳಿಯಲ್ಲ. ಗ್ರಾನೈಟ್, ನೈಸ್ ಶಿಲೆಯ ಜಾಗದಲ್ಲಿ ಫ್ಲೋರೈಡ್ ಅನುಮಾನ ಜಾಸ್ತಿ. ನದಿ ತಂದು ಹಾಕಿದ ಹೊಸ ಮೆಕ್ಕಲು ಮಣ್ಣಲ್ಲಿ, ಆಮ್ಲಜನಕ ಇಲ್ಲದ ನೀರಲ್ಲಿ ಆರ್ಸೆನಿಕ್ ಅನುಮಾನ ಜಾಸ್ತಿ.

ಫ್ಲೋರೈಡ್ ವಿಷಯದಲ್ಲಿ ಜನ ಮೋಸಹೋಗೋದು ಎಲ್ಲಿ ಅಂದ್ರೆ, ನೀರು ಮೆದುವಾಗಿದೆ, ಸೋಪು ಚೆನ್ನಾಗಿ ನೊರೆ ಬರುತ್ತೆ, ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟಲ್ಲ, ಆದ್ದರಿಂದ ಒಳ್ಳೇ ನೀರು ಅಂದುಕೊಳ್ಳೋದು. ಕ್ಯಾಲ್ಸಿಯಂ ಹೆಚ್ಚಿದ್ದಾಗ ಅದು ಫ್ಲೋರೈಡನ್ನ ಹಿಡಿದು ಕೂರಿಸಿಬಿಡುತ್ತೆ. ಕ್ಯಾಲ್ಸಿಯಂ ಕಡಿಮೆ ಇದ್ದು ಪಿಹೆಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ) ಹೆಚ್ಚಿರೋ ಮೆದು ನೀರಲ್ಲೇ ಫ್ಲೋರೈಡ್ ಕರಗಿ ಉಳಿಯೋದು.

ಮನೆ ಕಿಟ್ ಬೇಕಂದ್ರೆ ಫ್ಲೋರೈಡಿಗೆ ಇದೆ. ಕೆಂಪು ದ್ರಾವಣ ಹಾಕ್ತಾರೆ, ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಕೆಂಪು ಮಾಸಿ ಹಳದಿಯತ್ತ ತಿರುಗುತ್ತೆ. 1ಕ್ಕೂ 3ಕ್ಕೂ ವ್ಯತ್ಯಾಸ ಕಾಣುತ್ತೆ, 1.3 ಮತ್ತು 1.7ರ ನಡುವೆ ಹೇಳೋದು ಕಷ್ಟ. ಆರ್ಸೆನಿಕ್ ಕಿಟ್ಟಲ್ಲಿ ಆಮ್ಲ, ಸತು ಸೇರಿಸಿದಾಗ ಆರ್ಸೀನ್ ಅನ್ನೋ ವಿಷಾನಿಲ ಬಂದು ಮೇಲಿನ ಕಾಗದವನ್ನ ಹಳದಿ, ಕಂದು ಮಾಡುತ್ತೆ. ಆ ಕಾಗದದಲ್ಲೂ ಪಾದರಸ ಇರುತ್ತೆ. ಮಕ್ಕಳಿರೋ ಮನೆಯೊಳಗೆ ಇದನ್ನ ನಾನು ಶಿಫಾರಸು ಮಾಡಲ್ಲ, ಲ್ಯಾಬಿಗೇ ಕೊಡಿ.

ಪೈಪುಕೆಲಸ
ಮೇಡಂ, ಆ ಕೆಂಪು ಕಲೆ ಬಗ್ಗೆ ಯಾರೂ ಹೇಳಲಿಲ್ಲ. ಅದು ಕಬ್ಬಿಣ. ಗಾಜಿನ ಲೋಟದಲ್ಲಿ ಬಾವಿಯಿಂದ ಆಗ ತಾನೆ ಎತ್ತಿದ ನೀರು ಹಿಡಿದು ಬಿಳಿ ಕಾಗದದ ಮುಂದೆ ರಾತ್ರಿಯಿಡೀ ಇಡಿ. ತಿಳಿಯಾಗಿದ್ದದ್ದು ಬೆಳಗ್ಗೆ ಕಿತ್ತಳೆ ತಿರುಗಿ ತಳದಲ್ಲಿ ಪುಡಿ ಕೂತಿದ್ರೆ, ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗಿದೆ ಅಂತ ಲೆಕ್ಕ. ಲೀಟರಿಗೆ 0.3 ಮಿಲಿಗ್ರಾಂ ದಾಟಿದ್ರೆ ಬಟ್ಟೆಗೆ ಕಲೆ ಬರುತ್ತೆ. ಕಲೆ ಕಪ್ಪಾಗಿದ್ರೆ ಮ್ಯಾಂಗನೀಸ್ ನೋಡಿಸಿ. ತಾಮ್ರದ ಪೈಪಿರೋ ಮನೇಲಿ ನೀಲಿ-ಹಸಿರು ಕಲೆ ಬಂದ್ರೆ ನೀರು ಹುಳಿ, ಪೈಪನ್ನೇ ತಿಂತಿದೆ, ಆಗ ಪಿಹೆಚ್ ಜೊತೆ ಸೀಸವನ್ನೂ ನೋಡಿಸಬೇಕು.

ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಗೋಡೆ ಮುಟ್ಟಿ ನೋಡಿ. ಗರಗರ ಅಂದ್ರೆ ಬರೀ ತುಕ್ಕು. ಲೋಳೆ ಲೋಳೆಯಾಗಿ ಜಾರಿದ್ರೆ ಕಬ್ಬಿಣದ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ರೋಗ ತರಲ್ಲ, ಆದ್ರೆ ಪೈಪು, ಪಂಪು ಕಟ್ಟಿಹೋಗುತ್ತೆ. ನೀರಿನ ಮೇಲೆ ಎಣ್ಣೆ ತೇಲಿದ ಹಾಗೆ ಪೊರೆ ಕಂಡ್ರೆ ಕಡ್ಡಿಯಿಂದ ಚುಚ್ಚಿ. ಚೂರು ಚೂರಾಗಿ ಒಡೆದು ಹಾಗೇ ನಿಂತ್ರೆ ಬ್ಯಾಕ್ಟೀರಿಯಾದ ಪೊರೆ. ಮತ್ತೆ ಹರಿದು ಕೂಡಿಕೊಂಡ್ರೆ ಎಣ್ಣೆಯೇ, ಆಗ ಆ ನೀರು ಮುಟ್ಟಬೇಡಿ.

ಹಳೆಬಾವಿ
ನಾವು ವರ್ಷಕ್ಕೊಮ್ಮೆ ಬಾವಿಗೆ ಬ್ಲೀಚಿಂಗ್ ಪುಡಿ ಹಾಕ್ತೀವಿ. ಒಂದೆರಡು ಹಿಡಿ ಎಸೀತೀವಿ. ಅದು ಸಾಲದಾ?

ನೀರುಪರೀಕ್ಷಕ
ಹಿಡಿ ಲೆಕ್ಕ ಬೇಡ ಸರ್, ನೀರಿನ ಲೆಕ್ಕ ಹಾಕೋಣ. ಬಾವಿಯ ವ್ಯಾಸ 2 ಮೀಟರ್, ನೀರಿನ ಆಳ 3 ಮೀಟರ್ ಅಂತಿಟ್ಕೊಳ್ಳಿ. ಅರ್ಧ ವ್ಯಾಸ 1. ಅಂದ್ರೆ 3.14 × 1 × 1 × 3, ಸುಮಾರು 9.4 ಘನ ಮೀಟರ್, 9,400 ಲೀಟರ್. ಕಲುಷಿತ ಬಾವಿಯನ್ನ ಶುದ್ಧ ಮಾಡೋಕೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು ಅಂದ್ರೆ 470 ಗ್ರಾಂ ಕ್ಲೋರಿನ್. ಹೊಸ ಬ್ಲೀಚಿಂಗ್ ಪುಡಿಯಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇರುತ್ತೆ, ಹಾಗಾಗಿ ಸುಮಾರು 1.4 ಕಿಲೋ ಪುಡಿ. ಚೀಲ ತೆರೆದು ಹಳೇದಾದಷ್ಟೂ ಶಕ್ತಿ ಕಮ್ಮಿಯಾಗುತ್ತೆ. ಶೇಕಡಾ 25ಕ್ಕೆ ಇಳಿದಿದ್ರೆ 1.9 ಕಿಲೋ ಬೇಕು.

ಪುಡಿಯನ್ನ ನೇರ ಎಸೆದ್ರೆ ಸುಣ್ಣ ತಳಕ್ಕೆ ಹೋಗಿ ಕೂರುತ್ತೆ. ಬಯಲಲ್ಲಿ, ಗಾಳಿ ಆಡೋ ಕಡೆ, ಪ್ಲಾಸ್ಟಿಕ್ ಬಕೆಟಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ತಿಳಿ ನೀರನ್ನ ಮಾತ್ರ ಬಾವಿಗೆ ಸುರಿದು ಚೆನ್ನಾಗಿ ಕಲಕಿ. ಯಾವ ಆಮ್ಲವನ್ನೂ ಅದರ ಹತ್ತಿರ ತರಬೇಡಿ. ಬಾವಿಯೊಳಗೆ ಯಾರೂ ಇಳಿಯಬಾರದು. ಮೋಟಾರ್ ಹಾಕಿ ಒಂದೊಂದೇ ನಲ್ಲಿ ತೆರೆದು ಕ್ಲೋರಿನ್ ವಾಸನೆ ಬರೋವರೆಗೆ ಹರಿಸಿ ನಿಲ್ಲಿಸಿ. 12ರಿಂದ 24 ಗಂಟೆ ಹಾಗೇ ಬಿಡಿ. ಆ ಹೊತ್ತು ಯಾರೂ ಕುಡಿಯಬಾರದು, ಸ್ನಾನಕ್ಕೂ ಬೇಡ. ಆಮೇಲೆ ವಾಸನೆ ಹೋಗೋವರೆಗೆ ನೀರು ಹೊರಗೆ ಚೆಲ್ಲಿ, ಗಿಡದ ಬುಡಕ್ಕಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಬಿಡಬೇಡಿ. ನೀರು ಮಬ್ಬಾಗಿದ್ದಾಗ ಕ್ಲೋರಿನ್ ಕೆಸರಿಗೇ ಖರ್ಚಾಗಿಹೋಗುತ್ತೆ, ತಿಳಿಯಾದ ಮೇಲೇ ಈ ಕೆಲಸ ಮಾಡಿ.

ಕ್ಲೋರಿನ್ ಪೂರ್ತಿ ಹೋಗಿ ವಾರ, ಹತ್ತು ದಿನ ಆದ ಮೇಲೆ ಮತ್ತೆ ಬ್ಯಾಕ್ಟೀರಿಯಾ ಪರೀಕ್ಷೆ. ಮಾರನೇ ದಿನವೇ ಮಾಡಿದ್ರೆ ಎಂಥ ಬಾವಿಯೂ ಶುದ್ಧವಾಗೇ ಕಾಣುತ್ತೆ. ಹತ್ತು ದಿನದ ಮೇಲೆ ಇ. ಕೋಲಿ ಮತ್ತೆ ಬಂದ್ರೆ ಪುಡಿ ಸುರೀತಾ ಕೂರಬೇಡಿ, ಕೊಳೆ ಬರೋ ದಾರಿ ಇನ್ನೂ ತೆರೆದಿದೆ ಅಂತ ಅರ್ಥ.

ಅಂತರ್ಜಲ
ಆ ದಾರಿ ಹುಡುಕೋಕೆ ಯಾವ ಕಿಟ್ಟೂ ಬೇಡ. ಜೋರು ಮಳೆ ಬೀಳುವಾಗ ಕೊಡೆ ಹಿಡಿದು ಬಾವಿ ಸುತ್ತ ನಿಂತು ನೋಡಿ. ನೀರು ಕಟ್ಟೆ ಕಡೆ ಹರೀತಿದೆಯಾ, ಕಟ್ಟೆಯ ಸುತ್ತ ಸಿಮೆಂಟ್ ನೆಲ ಬಿರುಕು ಬಿಟ್ಟಿದೆಯಾ, ಮೋಟಾರ್ ಪೈಪು ಒಳಗೆ ಹೋಗೋ ತೂತು ತೆರೆದಿದೆಯಾ? ಟಾರ್ಚ್ ಬಿಟ್ಟು ಒಳಗೋಡೆ ನೋಡಿ. ನೀರಿನ ಮಟ್ಟಕ್ಕಿಂತ ಮೇಲೆ ಒಂದು ಕಡೆಯಿಂದ ಜಿನುಗಿ ಕಲೆ ಇಳಿದಿದ್ರೆ, ಮೇಲಿನ ಕೊಳೆ ಅಲ್ಲಿಂದಲೇ ಬರ್ತಿದೆ.

ಕೆನಡಾದ ವಾಕರ್ಟನ್ ಅನ್ನೋ ಊರಲ್ಲಿ 2000ದ ಮೇ ತಿಂಗಳಲ್ಲಿ ಭಾರಿ ಮಳೆಗೆ ಹತ್ತಿರದ ಹೊಲದ ಸಗಣಿ ಗೊಬ್ಬರದ ನೀರು ಆಳವಿಲ್ಲದ ಒಂದು ಬಾವಿಗೆ ಇಳೀತು. ಊರಿಗೆಲ್ಲ ಹೋಗ್ತಿದ್ದ ಆ ನೀರಿಗೆ ಕ್ಲೋರಿನ್ ಸರಿಯಾಗಿ ಹಾಕಿರಲಿಲ್ಲ. ಸುಮಾರು 2,300 ಜನ ಕಾಯಿಲೆ ಬಿದ್ರು, ಏಳು ಜನ ಸತ್ತರು. ಅದಕ್ಕೇ ಪರೀಕ್ಷೆಗೆ ಬೇಸಿಗೆಯ ತಿಳಿ ನೀರನ್ನ ಆರಿಸಬೇಡಿ. ಮಳೆ ಬಂದು ಬಾವಿ ಕೆಟ್ಟದಾಗಿರೋ ದಿನದ ನೀರನ್ನೇ ತುಂಬಿ.

ಬಾವಿಮನೆ
ನಿನ್ನೆ ರಾತ್ರಿ ಚೆನ್ನಾಗಿ ಮಳೆಯಾಗಿದೆ, ಬಾಟಲಿಗಳೂ ಬಂದಿವೆ. ನಾಳೆ ಬೆಳಗ್ಗೆ ತುಂಬಿ ಕೊಡ್ತೀನಿ. ಅಡುಗೆಮನೆ ನಲ್ಲಿಯಿಂದ ತುಂಬಲಾ, ಬಾವಿಯಿಂದ ನೇರವಾಗಿ ತುಂಬಲಾ?

ನೀರುಪರೀಕ್ಷಕ
ಎರಡೂ ಅಕ್ಕ, ಬೇರೆ ಬೇರೆ ಬಾಟಲಿಯಲ್ಲಿ. ಒಂದನ್ನ ಮೋಟಾರ್ ಹತ್ತಿರದ ನಲ್ಲಿಯಿಂದ, ಟ್ಯಾಂಕಿಗೆ ಏರೋ ಮುಂಚೆ ಹಿಡೀರಿ. ಇನ್ನೊಂದನ್ನ ಅಡುಗೆಮನೆಯಿಂದ. ಬಾವಿಯದು ಸರಿಯಿದ್ದು ಅಡುಗೆಮನೆಯದು ಕೆಟ್ಟಿದ್ರೆ ಟ್ಯಾಂಕ್ ತೊಳೆದು ಮುಚ್ಚಳ ಸರಿಮಾಡಿದ್ರೆ ಸಾಕು, ಬಾವಿಗೆ ಕೈ ಹಾಕೋದೇ ಬೇಡ. ಎರಡೂ ಕೆಟ್ಟಿದ್ರೆ ಬಾವಿಯಿಂದಲೇ ಶುರು ಮಾಡೋಣ. ಬಾಟಲಿ ಮೇಲೆ ಜಾಗ, ದಿನ, ಗಂಟೆ, ಮಳೆ ಯಾವಾಗ ಆಗಿತ್ತು ಅನ್ನೋದನ್ನೂ ಬರೀರಿ. ಮಧ್ಯಾಹ್ನದೊಳಗೆ ತಲುಪಿಸಿ, ಅವತ್ತೇ ಪರೀಕ್ಷೆಗೆ ಹಚ್ಚೋಕೆ ಆಗುತ್ತೆ. ರಜೆಯ ಹಿಂದಿನ ಸಂಜೆ ಮಾತ್ರ ಕೊಡಬೇಡಿ. ಬ್ಯಾಕ್ಟೀರಿಯಾ, ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್, ಕಬ್ಬಿಣ, ಪಿಹೆಚ್, ಗಡಸುತನ, ಇಷ್ಟು ಅರ್ಜಿಯಲ್ಲಿ ಬರೆದ್ರೆ ಸಾಕು. ವರದಿ ಬಂದ ಮೇಲೆ ಅಂಕಿಗಳನ್ನ, ಅವುಗಳ ಮುಂದಿರೋ ಅಳತೆಯ ಮಾನ ಸಮೇತ ಇಲ್ಲಿ ಹಾಕಿ, ಕೂತು ನೋಡೋಣ.